ಗದ್ದೆ ನೀರಿನ ಕೊಕ್ಕೆಗಳು

ಆರಿದ್ರಾ ಮಳೆ ಬಲವಾಗಿ ಹಿಡಿಯಿತೆಂದರೆ ಹೆಗ್ಗಣಗಳು ಗದ್ದೆಯ ತಗ್ಗು ಬಿಟ್ಟು ಮೇಲಕ್ಕೆ ಸರಿಯುತ್ತವೆ. ಮೂಡಿಗೆರೆಯಿಂದ ಕೊಟ್ಟಿಗೆಹಾರ ದಾಟಿ ಕಳಸದತ್ತ ಹೋಗುವಾಗ, ಗದ್ದೆಬಯಲು ಇನ್ನೂ ಉಳಿದಿರುವ ಯಾವ ಕಣಿವೆಗೆ ಇಳಿದರೂ ಇದರ ಗುರುತು ಸಿಗುತ್ತದೆ. ಬದುವಿನ ಬಿಲಕ್ಕೆ ನೀರು ನುಗ್ಗಿದ ಒಂದೆರಡು ರಾತ್ರಿಯೊಳಗೆ ತೋಟದಂಚಿನ ಧರೆಯಲ್ಲಿ ಹೊಸ ಮಣ್ಣಿನ ಗುಡ್ಡೆ ಬೀಳುತ್ತದೆ. ಎಷ್ಟೋ ಸಲ ಬಿಲದ ಬಾಯಿ ಕಾಣುವುದಿಲ್ಲ. ಗದ್ದೆಯ ಸಣ್ಣ ಹೆಗ್ಗಣ ಒಳಗಿನಿಂದಲೇ ಮಣ್ಣು ತುಂಬಿ ಬಾಗಿಲು ಮುಚ್ಚಿಕೊಳ್ಳುತ್ತದೆ. ಮನೆ, ಕಣ, ಗೋಡೌನುಗಳ ಸುತ್ತ ಓಡಾಡುವ ದೊಡ್ಡ ಹೆಗ್ಗಣಕ್ಕೆ ಅಷ್ಟು ಸಂಕೋಚವಿಲ್ಲ.

ಗುಡ್ಡೆಯ ಕೆಳಗಿನ ಕೆಸರಿನಲ್ಲಿ ಹೆಜ್ಜೆ ಓದಬಹುದು. ಮುಂಗಾಲಿಗೆ ನಾಲ್ಕು ಬೆರಳು, ಹಿಂಗಾಲಿಗೆ ಐದು, ನಡುವೆ ಬಾಲ ಎಳೆದ ಗೆರೆ. ಆ ಗೆರೆಯ ಪಕ್ಕ ಅಲ್ಲಲ್ಲಿ ಬಿದ್ದಿರುವ ಹನಿಗುರುತೇ ನನಗೆ ಬೇಕಾದದ್ದು. ಮಳೆ ಹೊಳವಾದ ಸ್ವಲ್ಪ ಹೊತ್ತಿನಲ್ಲಿ ನೋಡಿದರೆ ಸಿಕ್ಕೀತು, ಮುಂದಿನ ಹನಿ ಶುರುವಾದರೆ ಮುಗಿಯಿತು. ಇಲಿ ಹೆಗ್ಗಣಗಳು ಓಡಾಡುವ ದಾರಿಯುದ್ದಕ್ಕೂ ಉಚ್ಚೆ ಬಿಡುತ್ತಾ ಹೋಗುತ್ತವೆ. ಮಳೆ ಅದನ್ನು ಧರೆಯಿಂದ ಬಸಿಗಾಲುವೆಗೆ, ಅಲ್ಲಿಂದ ಸಸಿಮಡಿಗೆ, ಸಸಿಮಡಿಯಿಂದ ನಾಟಿ ಗದ್ದೆಗೆ ಇಳಿಸುತ್ತದೆ. ಪುನರ್ವಸು, ಪುಷ್ಯದ ಹೊತ್ತಿಗೆ ಆ ಗದ್ದೆಯಲ್ಲಿ ಹೆಂಗಸರು ಪ್ಲಾಸ್ಟಿಕ್ ಕೊಪ್ಪೆ ಹೊದ್ದು ಬಗ್ಗಿ ನಿಂತಿರುತ್ತಾರೆ. ಬೆರಳ ಸಂದಿಯಲ್ಲಿ ಕೆಸರುಹುಣ್ಣು, ಕಾಲಿನಲ್ಲಿ ಇಂಬಳ ಕಚ್ಚಿ ಕೆರೆದುಕೊಂಡ ಗಾಯ. ಹೆಗ್ಗಣದ ಮೂತ್ರಪಿಂಡದಲ್ಲಿ ಬೀಡುಬಿಟ್ಟ ಒಂದು ಬ್ಯಾಕ್ಟೀರಿಯಾಕ್ಕೆ ಒಳಗೆ ಹೋಗಲು ಇಷ್ಟು ಸಾಕು. ಲೆಪ್ಟೊಸ್ಪೈರಾ ಅದರ ಹೆಸರು. ಅದು ತರುವ ಕಾಯಿಲೆಗೆ ನಮ್ಮಲ್ಲಿ ಇಲಿ ಜ್ವರ ಎನ್ನುತ್ತಾರೆ.

ಇಲಿ ಜ್ವರ ಎಂದ ಮಾತ್ರಕ್ಕೆ ಅಪರಾಧಿ ಇಲಿಯೇ ಆಗಬೇಕಿಲ್ಲ. ದನ, ನಾಯಿ, ಹಂದಿ, ಕಾಡಿನ ಎಷ್ಟೋ ಪ್ರಾಣಿಗಳ ಮೂತ್ರಪಿಂಡದಲ್ಲಿ ಇದರ ಬಂಧುಗಳು ವಾಸವಾಗಿರಬಲ್ಲವು. ಹಾಗಾಗಿ ಕಣಿವೆಯಲ್ಲಿ ಒಬ್ಬರಿಗೆ ಜ್ವರ ಬಂದಾಗ ನನ್ನೊಳಗೆ ಏಳುವ ಪ್ರಶ್ನೆ ಒಂದೇ: ಇದು ಯಾವ ಪ್ರಾಣಿಯ ನೀರು?

ಯಾವ ಪ್ರಾಣಿಗಳು ಇವೆ ಎನ್ನುವುದನ್ನು ಪತ್ತೆ ಮಾಡಲು ಗೂಬೆಗಿಂತ ಒಳ್ಳೆಯ ಸಹಾಯಕ ಸಿಗಲಾರ. ಬಳಕೆ ತಪ್ಪಿದ ಒಂದು ಕಾಫಿ ಪಲ್ಪರ್ ಮನೆಯ ಅಟ್ಟದಲ್ಲಿ ಕಣಜ ಗೂಬೆಯ ಜೋಡಿಯೊಂದು ಸಂಸಾರ ಹೂಡಿದೆ. ಅವು ನುಂಗಿದ ಪ್ರಾಣಿಯ ಮೂಳೆ, ಕೂದಲನ್ನು ಉಂಡೆ ಕಟ್ಟಿ ಕಕ್ಕುತ್ತವೆ. ಹೆಬ್ಬೆರಳು ಗಾತ್ರದ ಉಂಡೆ. ಹೊಸದಾದರೆ ಕಪ್ಪಗೆ ಮಿರುಗುತ್ತದೆ, ಒಣಗಿದರೆ ಬೂದಿ ಬಣ್ಣ. ತಟ್ಟೆಯಲ್ಲಿ ಬೆಚ್ಚಗಿನ ನೀರು ಹಾಕಿ ನೆನೆಸಿ, ಸೂಜಿಯಲ್ಲಿ ನಿಧಾನಕ್ಕೆ ಬಿಡಿಸಿದರೆ ಒಳಗಿಂದ ಪುಟ್ಟ ತಲೆಬುರುಡೆಗಳು ಇಡಿಯಾಗಿ ಬರುತ್ತವೆ. ಇಲಿ ಜಾತಿಯದಾದರೆ ಮುಂದಿನ ಹಲ್ಲುಗಳ ಹೊರಮೈ ಕಿತ್ತಳೆ ಹಳದಿ, ಅದರ ಹಿಂದೆ ಖಾಲಿ ಜಾಗ, ಆಮೇಲೆ ದವಡೆ ಹಲ್ಲು. ಸುಂಡಿಲಿಯಾದರೆ ಖಾಲಿ ಜಾಗವೇ ಇಲ್ಲ, ಉದ್ದಕ್ಕೂ ಬಿಳಿ ಮೊನೆಹಲ್ಲಿನ ಸಾಲು. ಮನೆಯವರು ಇಲಿ ಎಂದೇ ಕರೆದರೂ ಸುಂಡಿಲಿ ಇಲಿಯ ಕುಲದ್ದಲ್ಲ, ಹುಳಹುಪ್ಪಟೆ ತಿನ್ನುವ ಬೇರೆಯೇ ಗುಂಪು ಅದು. ಗೂಬೆಯ ಲೆಕ್ಕದಲ್ಲಿ ಪಕ್ಷಪಾತವೂ ಇದೆ. ದೊಡ್ಡ ಹೆಗ್ಗಣವನ್ನು ಅದು ಎತ್ತಲಾರದು, ಮರಿಗಳನ್ನಷ್ಟೇ ಹಿಡಿಯುತ್ತದೆ. ಆದ್ದರಿಂದ ಉಂಡೆಯ ಲೆಕ್ಕವನ್ನು ಧರೆಯ ಮಣ್ಣಿನ ಗುಡ್ಡೆಗಳ ಜೊತೆ ತಾಳೆ ನೋಡಬೇಕು.

ಹಲ್ಲು ನೋಡಿ ಪ್ರಾಣಿಯ ಕುಲ ಹೇಳಬಹುದು. ಅದರ ಮೂತ್ರಪಿಂಡದಲ್ಲಿರುವ ಜೀವಿಯ ಕುಲ ಹೇಳುವುದು ಹೇಗೆ? ಲೆಪ್ಟೊಸ್ಪೈರಾ ಉದ್ದ 6ರಿಂದ 20 ಮೈಕ್ರೋಮೀಟರ್, ದಪ್ಪ ಒಂದು ಮೈಕ್ರೋಮೀಟರಿನ ಹತ್ತರಲ್ಲೊಂದು ಪಾಲು. ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಒಂದು ಮೈಕ್ರೋಮೀಟರ್. ಇಷ್ಟು ತೆಳ್ಳಗಿರುವುದರಿಂದ ಮಾಮೂಲಿ ಸೂಕ್ಷ್ಮದರ್ಶಕದಲ್ಲಿ ಕಾಣುವುದೇ ಇಲ್ಲ. ಹಿನ್ನೆಲೆಯನ್ನು ಕತ್ತಲು ಮಾಡಿ, ಪಕ್ಕದಿಂದ ಬೆಳಕು ಬಿಟ್ಟಾಗ ಬಿಗಿಯಾಗಿ ಹುರಿಗೊಂಡ ಬೆಳ್ಳಿಯೆಳೆಯಾಗಿ ಮಿನುಗುತ್ತದೆ. ತುದಿ ಕೊಕ್ಕೆಯಂತೆ ಬಾಗಿರುತ್ತದೆ. 1907ರಲ್ಲಿ ಅಮೆರಿಕದ ಸ್ಟಿಮ್ಸನ್, ಹಳದಿ ಜ್ವರದಿಂದ ಸತ್ತನೆಂದು ಎಲ್ಲರೂ ತಿಳಿದಿದ್ದ ರೋಗಿಯ ಮೂತ್ರಪಿಂಡದ ತುಣುಕಿಗೆ ಬೆಳ್ಳಿಯ ಬಣ್ಣ ಹಾಕಿ ನೋಡಿದಾಗ ಈ ಬಾಗು ಕಂಡಿತು. ಪ್ರಶ್ನಾರ್ಥಕ ಚಿಹ್ನೆಯಂತಿದೆ ಎಂದು ಇಂಟೆರೋಗನ್ಸ್ ಎಂದು ಹೆಸರಿಟ್ಟ. ಕಾಯಿಲೆಯನ್ನು ಅದಕ್ಕೂ ಮೊದಲೇ, 1886ರಲ್ಲಿ, ಜರ್ಮನಿಯ ಅಡಾಲ್ಫ್ ವೈಲ್ ವಿವರಿಸಿದ್ದ. ಜೀವಿಗೂ ಕಾಯಿಲೆಗೂ ಗಂಟು ಬಿದ್ದದ್ದು 1915ರಲ್ಲಿ, ಜಪಾನಿನ ಇನಾಡಾ ಮತ್ತು ಇಡೊ ಅವರಿಂದ. ಅಲ್ಲಿಯ ನೀರು ಒಸರುವ ಕಲ್ಲಿದ್ದಲು ಗಣಿಗಳಲ್ಲಿ ದುಡಿಯುವವರಿಗೆ ಈ ಜ್ವರ ಬರುತ್ತಿತ್ತು.

ತೊಡಕು ಏನೆಂದರೆ, ಕೊಲ್ಲುವ ಲೆಪ್ಟೊಸ್ಪೈರಾಕ್ಕೂ ಹಳ್ಳದ ನೀರಿನಲ್ಲಿ ತನ್ನ ಪಾಡಿಗೆ ಬದುಕುವ ನಿರಪಾಯದ ಲೆಪ್ಟೊಸ್ಪೈರಾಕ್ಕೂ ರೂಪದಲ್ಲಿ ವ್ಯತ್ಯಾಸವಿಲ್ಲ. ಅದೇ ಹುರಿ, ಅದೇ ಕೊಕ್ಕೆ, ಅದೇ ಗಿರಕಿ. ಹಕ್ಕಿ ನೋಡುವವರಿಗೆ ಈ ಫಜೀತಿ ಗೊತ್ತು: ಚಳಿಗಾಲದಲ್ಲಿ ಬರುವ ಹಸಿರು ಉಲಿಯಕ್ಕಿಗಳನ್ನು ಕಣ್ಣಿಂದ ಬೇರ್ಪಡಿಸಲು ಹೋಗಿ ಸೋತವರು ಕಿವಿಗೊಟ್ಟು ಕೂಗಿನಿಂದ ಹೆಸರು ಹೇಳುತ್ತಾರೆ. ಇಲ್ಲಿ ಕಿವಿಯ ಕೆಲಸ ಮಾಡುವುದು ರಕ್ತ. ಬ್ಯಾಕ್ಟೀರಿಯಾದ ಮೈಮೇಲಿನ ಸಕ್ಕರೆ ಸರಪಣಿಗಳನ್ನು ನಮ್ಮ ದೇಹ ಪರಕೀಯವೆಂದು ಗುರುತಿಸುತ್ತದೆ. ಹಾಗೆ ಗುರುತಿಗೆ ಸಿಗುವ ವಸ್ತುವೇ ಪ್ರತಿಜನಕ, ಆಂಟಿಜೆನ್. ಅದಕ್ಕೆ ಸರಿಯಾಗಿ ಹೊಂದಿಕೊಳ್ಳುವ ಪ್ರತಿಕಾಯವನ್ನು ದೇಹ ತಯಾರಿಸಿ ರಕ್ತಕ್ಕೆ ಬಿಡುತ್ತದೆ. ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ಸೀರಮ್ಮನ್ನು ಜೀವಂತ ಬ್ಯಾಕ್ಟೀರಿಯಾದ ಜೊತೆ ಬೆರೆಸಿದರೆ, ಹೊಂದಿಕೆಯಿದ್ದಲ್ಲಿ ಅವು ಒಂದಕ್ಕೊಂದು ಅಂಟಿ ಗಂಟಾಗುತ್ತವೆ. ಹೊಂದಿಕೆ ಇಲ್ಲದಿದ್ದರೆ ಬಿಡಿಬಿಡಿಯಾಗಿ ಈಜುತ್ತಿರುತ್ತವೆ.

ಟೈಫಾಯಿಡಿಗೆ ಮಾಡುವ ವೈಡಾಲ್ ಪರೀಕ್ಷೆ ಗೊತ್ತಿಲ್ಲದ ಮನೆ ಮಲೆನಾಡಿನಲ್ಲಿ ಸಿಗುವುದು ಕಷ್ಟ. 1896ರಿಂದ ಇರುವ ಆ ಪರೀಕ್ಷೆಯ ತಿರುಳೂ ಇದೇ. ಲ್ಯಾಬಿನವರು ಕೊಡುವ ಚೀಟಿಯಲ್ಲಿ ‘ಓ’, ‘ಎಚ್’ ಎಂಬ ಅಕ್ಷರಗಳ ಮುಂದೆ ಬರೆದಿರುವ 1:80, 1:160 ಎಂಬ ಅಂಕಿ, ಸೀರಮ್ಮನ್ನು ಎಷ್ಟು ಪಟ್ಟು ತೆಳುಮಾಡಿದರೂ ಗಂಟು ಕಟ್ಟುತ್ತಿತ್ತು ಎಂಬ ಲೆಕ್ಕ. ಟೈಫಾಯಿಡಿನ ಬ್ಯಾಕ್ಟೀರಿಯಾ ಸೇರಿದ ಸಾಲ್ಮೊನೆಲ್ಲಾ ಕುಲವನ್ನು ಇದೇ ಓ, ಎಚ್ ಪ್ರತಿಜನಕಗಳ ಆಧಾರದಲ್ಲಿ ಕಾಫ್‌ಮನ್–ವೈಟ್ ಪಟ್ಟಿ 2500ಕ್ಕೂ ಹೆಚ್ಚು ಬಗೆಯಾಗಿ ವಿಂಗಡಿಸಿದೆ. ಲೆಪ್ಟೊಸ್ಪೈರಾದಲ್ಲಿ ರೋಗ ತರುವ ಬಗೆಗಳೇ 250ಕ್ಕೂ ಹೆಚ್ಚು. ಇಂಥ ಒಂದೊಂದು ಬಗೆಗೆ ಸೀರೋವಾರ್ ಎಂದು ಹೆಸರು. ಒಂದಕ್ಕೊಂದು ಹತ್ತಿರದವನ್ನು ಸೇರಿಸಿದರೆ ಸೀರೋಗುಂಪು.

ಕಣಿವೆಯ ಜ್ವರಕ್ಕೆ ಬರೋಣ. ಆಶ್ಲೇಷದಲ್ಲಿ ಒಂದು ತೋಟದ ಮೇಸ್ತ್ರಿ ಸಿಕ್ಕಿದ. ಕಣ್ಣು ಇನ್ನೂ ಪೂರ್ತಿ ತಿಳಿಯಾಗಿರಲಿಲ್ಲ.

“ಜ್ವರ ಬಂದು ಮಲಗ್ಬಿಟ್ಟಿದ್ದೆ ಸಾರ್. ತಲೆನೋವು ಬಿಡಿ, ಅದು ಯಾವ ಜ್ವರಕ್ಕಾದ್ರೂ ಬರುತ್ತೆ. ಈ ಮೀನಖಂಡ ಉಂಟಲ್ಲ, ಮುಟ್ಟಿದ್ರೆ ಪ್ರಾಣ ಹೋಗೋದು.”

ಮೀನಖಂಡದ ನೋವು, ಕೀವಿಲ್ಲದೆ ಕೆಂಪೇರಿದ ಕಣ್ಣು, ಕೈಮೀರಿದರೆ ಕಾಮಾಲೆ, ಮೂತ್ರ ನಿಲ್ಲುವುದು. ಇವು ಇಲಿ ಜ್ವರದ ಲಕ್ಷಣಗಳು. ಆಸ್ಪತ್ರೆಯಲ್ಲಿ ಬೆರಳುದ್ದದ ಕಾರ್ಡಿನ ಮೇಲೆ ಸೀರಮ್ ಹಾಕಿ ನೋಡಿದ್ದರು. ಗೆರೆ ಮೂಡಿತು, ಮಾತ್ರೆ ಕೊಟ್ಟರು, ವಾಸಿಯಾಯಿತು. ಅಲ್ಲಿಗೆ ಆಸ್ಪತ್ರೆಯ ಪ್ರಶ್ನೆ ಮುಗಿಯುತ್ತದೆ, ಮುಗಿಯಬೇಕಾದದ್ದೇ. ಯಾವ ಸೀರೋವಾರ್ ಆದರೂ ಔಷಧ ಅವೇ, ಡಾಕ್ಸಿಸೈಕ್ಲಿನ್, ಪೆನ್ಸಿಲಿನ್. ತಡಮಾಡದೆ ಕೊಡುವುದು ಮುಖ್ಯ. ಕಾರ್ಡುಗಳಲ್ಲೂ ಎಲೈಸಾ ಕಿಟ್‌ಗಳಲ್ಲೂ ಬಳಸುವ ಪ್ರತಿಜನಕ ಅನೇಕ ವೇಳೆ ಪಾಟೊಕ್ ಎಂಬ ತಳಿಯದು. ತಮಾಷೆಯೆಂದರೆ ಪಾಟೊಕ್ ಯಾರಿಗೂ ಜ್ವರ ತರದ, ನೀರಿನಲ್ಲಿ ಬಾಳುವ ಸಾಧು ಬಗೆ. ಕುಲದ ಎಲ್ಲರ ಹೋಲಿಕೆಯೂ ಅಷ್ಟಿಷ್ಟು ಅದರ ಮೈಮೇಲಿದೆ. ಯಾರು ಬಂದು ಹೋಗಿದ್ದರೂ ಗೆರೆ ಮೂಡಿಸುತ್ತದೆ, ಯಾರೆಂದು ಮಾತ್ರ ಹೇಳುವುದಿಲ್ಲ.

ನಾನು ಇದನ್ನೆಲ್ಲ ಹೇಳಿ, ಬಗೆ ಯಾವುದೆಂದು ಗೊತ್ತಾದರೆ ಚೆನ್ನಾಗಿತ್ತು ಎಂದೆ. ಮೇಸ್ತ್ರಿ ನಕ್ಕ. “ಹೆಸರು ಗೊತ್ತಾದ್ರೆ ಕೆಸರಿಗೆ ಇಳಿಯೋದು ತಪ್ಪುತ್ತಾ ಸಾರ್?”

ತಪ್ಪುವುದಿಲ್ಲ. ಆದರೆ ಯಾವ ಕೆಸರು ಎಂಬುದಕ್ಕೆ ಸುಳಿವು ಸಿಗುತ್ತದೆ. ಇಕ್ಟೆರೋಹೆಮರೇಜಿಯೆ ಗುಂಪಿನದಾದರೆ ಇಲಿಯ ಮೇಲೆ ಅನುಮಾನ, ಕ್ಯಾನಿಕೋಲಾ ಆದರೆ ನಾಯಿಯ ಮೇಲೆ, ಹಾರ್ಜೊ ಆದರೆ ದನದ ಮೇಲೆ, ಪೊಮೋನಾ ಆದರೆ ಹಂದಿ, ದನಗಳ ಮೇಲೆ. ಹಾರ್ಜೊ ಸಿಕ್ಕರೆ ಗದ್ದೆಗಿಂತ ಮೊದಲು ನೋಡಬೇಕಾದ್ದು ಕೊಟ್ಟಿಗೆಯ ಗಂಜಲದ ಕಾಲುವೆ ಎಲ್ಲಿಗೆ ಹರಿಯುತ್ತಿದೆ ಎನ್ನುವುದನ್ನು. ಹಾಲು ಕರೆಯುವಾಗ ಮುಖಕ್ಕೆ ಸಿಡಿಯುವ ಗಂಜಲದ ಹನಿಯಿಂದಲೂ ಅದು ದಾಟಬಲ್ಲದು. ಅಂಥ ಮನೆಯಲ್ಲಿ ಇಲಿಪಾಷಾಣ ಇಟ್ಟು ಫಲವಿಲ್ಲ. ಕೇರೆಹಾವು, ಗೂಬೆ ಸತ್ತಾವು, ಜ್ವರ ಉಳಿದೀತು.

ಈ ಹೆಸರು ಹಚ್ಚುವ ಕೆಲಸವನ್ನು ಬೆಂಗಳೂರಿನ ಪ್ರಯೋಗಾಲಯವೊಂದರಲ್ಲಿ ಹತ್ತಿರದಿಂದ ನೋಡಿದೆ. ಪರೀಕ್ಷೆಯ ಹೆಸರು ಮ್ಯಾಟ್. ಪ್ಯಾರಿಸ್ಸಿನಲ್ಲಿ ಮಾರ್ಟಿನ್ ಮತ್ತು ಪೆಟಿ 1918ರಲ್ಲಿ ಶುರುಮಾಡಿದ್ದು. ನೂರು ವರ್ಷ ದಾಟಿದ ಮೇಲೂ ಇದನ್ನೇ ಒರೆಗಲ್ಲಾಗಿ ಇಟ್ಟುಕೊಂಡಿದ್ದಾರೆ. ಪ್ರಯೋಗಾಲಯದವರು ಬೇರೆಬೇರೆ ಸೀರೋಗುಂಪುಗಳನ್ನು ಪ್ರತಿನಿಧಿಸುವ ಜೀವಂತ ತಳಿಗಳನ್ನು ಬಾಟಲಿಗಳಲ್ಲಿ ಸಾಕುತ್ತಾರೆ. 28ರಿಂದ 30 ಡಿಗ್ರಿಯ ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟು ವಾರಕ್ಕೊಮ್ಮೆ ಹೊಸ ದ್ರಾವಣಕ್ಕೆ ಬದಲಾಯಿಸುತ್ತಿರಬೇಕು. ಒಂದು ತಳಿ ಇನ್ನೊಂದರ ಬಾಟಲಿಗೆ ಸೇರಿಕೊಂಡರೆ ಎಲ್ಲ ಫಲಿತಾಂಶವೂ ಹಾಳು. ಜೀವಂತ ರೋಗಾಣುವಿನ ಜೊತೆಗಿನ ಕೆಲಸವಾದ್ದರಿಂದ ಮೈಯೆಲ್ಲ ಎಚ್ಚರವಿರಬೇಕು. ದೇಶದಲ್ಲಿ ಕೆಲವೇ ಕಡೆ ಈ ಪರೀಕ್ಷೆ ನಡೆಯುವುದಕ್ಕೆ ಕಾರಣ ಇದು. ಪ್ರಾಣಿಗಳ ಮಾದರಿಗೆ ನಮ್ಮಲ್ಲಿ ಯಲಹಂಕದ ‘ನಿವೇದಿ’ ಸಂಸ್ಥೆ ಇದೆ. ಮನುಷ್ಯರ ಇಲಿ ಜ್ವರದ ಅಧ್ಯಯನದಲ್ಲಿ ದೇಶಕ್ಕೆ ಹಿರಿದು ಪೋರ್ಟ್ ಬ್ಲೇರಿನ ಪ್ರಾದೇಶಿಕ ವೈದ್ಯಕೀಯ ಸಂಶೋಧನಾ ಕೇಂದ್ರ. ಅಂಡಮಾನಿನಲ್ಲಿ ರಕ್ತ ಕಾರಿಸಿ ಜನರನ್ನು ಸಾಯಿಸುತ್ತಿದ್ದ ಗೊತ್ತಿಲ್ಲದ ಜ್ವರ ಲೆಪ್ಟೊಸ್ಪೈರಾದ್ದೆಂದು 1990ರ ದಶಕದಲ್ಲಿ ಬಯಲಾದದ್ದು ಅಲ್ಲಿಯವರ ಕೆಲಸದಿಂದ.

ಕೆಲಸ ಹೀಗೆ. ಅಂಗೈಯಗಲದ ಪ್ಲಾಸ್ಟಿಕ್ ತಟ್ಟೆಯಲ್ಲಿ 96 ಸಣ್ಣ ಗುಳಿಗಳು. ಒಂದೊಂದು ಸಾಲಿಗೆ ಒಂದೊಂದು ತಳಿ. ಸೀರಮ್ಮನ್ನು 1:50, 1:100, 1:200, 1:400 ಹೀಗೆ ಇಮ್ಮಡಿಯಾಗಿ ತೆಳುಮಾಡುತ್ತಾ ಗುಳಿಗಳಿಗೆ ಹಾಕಿ, ಅಷ್ಟೇ ಪ್ರಮಾಣದ ಜೀವಂತ ಬ್ಯಾಕ್ಟೀರಿಯಾ ಬೆರೆಸುತ್ತಾರೆ. ಎರಡು ಗಂಟೆಯಾದರೂ ಬೆಚ್ಚಗೆ ಇಡಬೇಕು. ಆಮೇಲೆ ಒಂದೊಂದೇ ಗುಳಿಯಿಂದ ಹನಿ ತೆಗೆದು ಕತ್ತಲ ಹಿನ್ನೆಲೆಯ ಸೂಕ್ಷ್ಮದರ್ಶಕದ ಕೆಳಗೆ.

ಮೊದಲು ಸೀರಮ್ ಹಾಕದ ಗುಳಿಯನ್ನು ತೋರಿಸಿದರು. ಕಪ್ಪು ಆಕಾಶದ ತುಂಬ ಬೆಳ್ಳಿಯೆಳೆಗಳು. ಒಂದೂ ಸುಮ್ಮನಿರುವುದಿಲ್ಲ. ಇದ್ದಲ್ಲೇ ಬುಗುರಿಯಾಗಿ ಸುತ್ತುತ್ತಾ, ತುದಿಯ ಕೊಕ್ಕೆ ಹೊಳೆಹೊಳೆದು ಮಾಯವಾಗುತ್ತಾ, ಇದ್ದಕ್ಕಿದ್ದಂತೆ ಹಿಮ್ಮುಖವಾಗಿ ಹೊರಟುಬಿಡುತ್ತವೆ. ಮುಂದು ಯಾವುದು ಹಿಂದು ಯಾವುದು ಅವಕ್ಕೇ ಗೊಡವೆಯಿಲ್ಲ. ಆಮೇಲೆ 1:100ರ ಗುಳಿ. ಆಕಾಶ ಮುಕ್ಕಾಲು ಖಾಲಿ. ಅಲ್ಲೊಂದು ಇಲ್ಲೊಂದು ಪ್ರಕಾಶಮಾನವಾದ ಗಂಟು, ಗಂಟಿನ ಅಂಚಿನಿಂದ ಹೊರಚಾಚಿ ಇನ್ನೂ ಒದ್ದಾಡುತ್ತಿರುವ ಬಾಲಗಳು. 1:400ರಲ್ಲಿ ಗಂಟುಗಳೂ ಇವೆ, ಬಿಡಿಯೆಳೆಗಳೂ ಸಾಕಷ್ಟಿವೆ. ಸೀರಮ್ ಇಲ್ಲದ ಗುಳಿಗೆ ಹೋಲಿಸಿದರೆ ಅರ್ಧದಷ್ಟು ಮಾತ್ರ ಬಿಡಿಯಾಗಿ ಉಳಿದಿರುವ ಕೊನೆಯ ಗುಳಿ ಯಾವುದೋ ಅದೇ ಉತ್ತರ. ಅರ್ಧವೋ ಅಲ್ಲವೋ ಎಂಬುದನ್ನು ಕಣ್ಣಳತೆಯಲ್ಲೇ ತೀರ್ಮಾನಿಸಬೇಕು. ಅಲ್ಲಿದ್ದ ತಂತ್ರಜ್ಞೆ ಒಂದು ಹನಿಗೆ ಕಣ್ಣಿಟ್ಟು, ತಲೆಯೆತ್ತದೆ “ಇದು 200” ಎಂದರು. ನನಗೆ 400 ಅನ್ನಿಸಿತ್ತು. “ಇನ್ನೊಂದು ಹತ್ತು ವರ್ಷ ನೋಡಿ ಸಾರ್, ನಿಮಗೂ ಇನ್ನೂರು ಅನ್ನಿಸುತ್ತೆ” ಎಂದರು.

ಇಷ್ಟಾದರೂ ಮ್ಯಾಟ್ ಸೀರೋವಾರ್ ಹೆಸರನ್ನು ನೇರವಾಗಿ ಹೇಳುವುದಿಲ್ಲ, ಸೀರೋಗುಂಪಿನತ್ತ ಬೊಟ್ಟು ಮಾಡುತ್ತದೆ. ಹತ್ತಿರದ ಗುಂಪುಗಳ ನಡುವೆ ಹೋಲಿಕೆಯಿರುವುದರಿಂದ ಒಂದೇ ಸೀರಮ್ ನಾಲ್ಕೈದು ಸಾಲಿನಲ್ಲಿ ಗಂಟು ಕಟ್ಟಿಬಿಡುತ್ತದೆ. ಇನ್ನೂ ಪೇಚಿನ ಸಂಗತಿಯೆಂದರೆ, ಕಾಯಿಲೆಯ ಮೊದಲ ದಿನಗಳಲ್ಲಿ ಎಲ್ಲಕ್ಕಿಂತ ಜೋರಾಗಿ ಗಂಟು ಕಟ್ಟುವುದು ಸೋಂಕು ತಂದ ಗುಂಪಿನ ಸಾಲಿನಲ್ಲೇ ಎಂಬ ಭರವಸೆಯಿಲ್ಲ. ಸಂಬಂಧವಿಲ್ಲದ ಗುಂಪೊಂದರ ಮೇಲೆ ಬೆರಳು ತೋರಿಸಿ, ವಾರಗಳು ಕಳೆದ ಮೇಲೆ ನಿಜವಾದವರತ್ತ ತಿರುಗುವುದುಂಟು. ಅದಕ್ಕೇ ಎರಡು ಸಲ ರಕ್ತ ಬೇಕು: ಜ್ವರದ ಹೊತ್ತಿಗೊಂದು, ಹತ್ತು ಹದಿನೈದು ದಿನ ಬಿಟ್ಟು ಇನ್ನೊಂದು. ಎರಡನೆಯದರಲ್ಲಿ ಅಂಕಿ ನಾಲ್ಕು ಪಟ್ಟಾದರೆ ಜ್ವರ ಈಚಿನದೆಂದು ನಂಬಬಹುದು. ಒಂದೇ ಸಲದ ರಕ್ತದಲ್ಲಿ ಸಿಗುವ ಅಂಕಿ ಹೋದ ವರ್ಷದ ಗದ್ದೆಯದೂ ಆಗಿರಬಹುದು.

ಸೀರೋವಾರ್ ಯಾವುದೆಂದು ಖಚಿತಪಡಿಸಲು ಬ್ಯಾಕ್ಟೀರಿಯಾವೇ ಕೈಯಲ್ಲಿರಬೇಕು. ಮೂತ್ರಪಿಂಡದ ತುಣುಕಿನಿಂದ ಅದನ್ನು ಬೆಳೆಸಲು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಕಾಯಬೇಕು. ಆಮೇಲೆ ಹೀರಿಕೆಯ ಪರೀಕ್ಷೆ. ಹೊಸ ತಳಿಯ ವಿರುದ್ಧ ಒಂದು ಮೊಲದಲ್ಲಿ, ಹೋಲಿಕೆಯ ಹಳೆ ತಳಿಯ ವಿರುದ್ಧ ಇನ್ನೊಂದು ಮೊಲದಲ್ಲಿ ಪ್ರತಿಕಾಯ ಬರಿಸುತ್ತಾರೆ. ಹೊಸತರ ಸೀರಮ್ಮಿಗೆ ಹಳೆ ತಳಿಯನ್ನು ಧಾರಾಳವಾಗಿ ಸುರಿದು ಬೆರೆಸಿದರೆ, ತನಗೆ ಹೊಂದುವ ಪ್ರತಿಕಾಯಗಳನ್ನೆಲ್ಲ ಅದು ಹೀರಿಕೊಳ್ಳುತ್ತದೆ. ಗಷ್ಟನ್ನು ತಿರುಗಿಸಿ ತೆಗೆದ ಮೇಲೆ ಉಳಿದ ಸೀರಮ್ ತನ್ನದೇ ತಳಿಯನ್ನು ಇನ್ನೂ ಗಂಟು ಕಟ್ಟುತ್ತದೆಯೇ? ಹಳೆಯದರ ಸೀರಮ್ಮಿಗೂ ಹೊಸ ತಳಿ ಸುರಿದು ಇದನ್ನೇ ಮಾಡುತ್ತಾರೆ. ಎರಡರಲ್ಲಿ ಒಂದರಲ್ಲಾದರೂ, ಮತ್ತೆ ಮತ್ತೆ ಮಾಡಿದಾಗಲೂ, ಮೊದಲಿದ್ದ ಬಲದ ಶೇಕಡಾ 10ಕ್ಕಿಂತ ಹೆಚ್ಚು ಉಳಿದರೆ ಅವು ಬೇರೆಬೇರೆ ಸೀರೋವಾರ್. ಎರಡೂ ಕಡೆ ಬರಿದಾದರೆ ಒಂದೇ. ಗೆರೆ ಹತ್ತು ಶೇಕಡಾದಲ್ಲೇ ಯಾಕೆ ಎಂದರೆ, ಎಲ್ಲೋ ಒಂದು ಕಡೆ ಗೆರೆ ಎಳೆಯಬೇಕಲ್ಲ.

ಈ ಬಗೆಯ ವಿಂಗಡಣೆ ಜಪಾನಿನಲ್ಲಿ 1918ರಷ್ಟು ಹಿಂದೆಯೇ ಶುರುವಾಗಿತ್ತು. ಅಲ್ಲಿಯ ಹಳ್ಳಿಗಳ ಏಳುದಿನದ ಜ್ವರದ ಲೆಪ್ಟೊಸ್ಪೈರಾ ನೋಡಲು ಗಣಿಯ ಕಾಯಿಲೆಯದರಂತೆಯೇ ಇದ್ದರೂ, ಗಣಿಯದರ ಸೀರಮ್ಮಿಗೆ ಬಗ್ಗಲಿಲ್ಲ. ಹೆಬ್ಡೊಮಾಡಿಸ್ ಎಂದು ಬೇರೆ ಹೆಸರು ಪಡೆಯಿತು. ಅದನ್ನು ಹೊತ್ತಿದ್ದುದು ಹೊಲದ ಒಂದು ಮೂಷಿಕ. ಈಗ ಪಟ್ಟಿ ಓದಿದರೆ ಭೂಗೋಳದ ಪಾಠ. ಬಟಾವಿಯೆ, ಜವಾನಿಕಾ, ಆಸ್ಟ್ರಾಲಿಸ್; ಕ್ವೀನ್ಸ್‌ಲ್ಯಾಂಡಿನ ಸಣ್ಣ ಊರು ಪೊಮೋನಾ; ಶರತ್ಕಾಲದ ಜ್ವರವಾದ್ದರಿಂದ ಆಟಮ್ನಾಲಿಸ್; ಇಂಡೋನೇಷ್ಯಾದ ರೋಗಿಯೊಬ್ಬನ ಹೆಸರು ಹೊತ್ತ ಹಾರ್ಜೊ. ಪರೀಕ್ಷೆಯ ತಟ್ಟೆಯಲ್ಲಿ ಸಾಲುಗಟ್ಟುವುದು ಈ ಊರುಗಳೇ. ನನ್ನ ತಕರಾರು ಇಲ್ಲಿದೆ. ಹೇಮಾವತಿ ಹುಟ್ಟುವ ಜಾವಳಿಯ ಕಡೆಯೋ, ಭದ್ರೆಯ ದಡದ ಕಳಸದ ಗದ್ದೆಯಲ್ಲೋ ಇರುವ ತಳಿ ಈ ಪಟ್ಟಿಯ ಯಾರನ್ನೂ ಸಾಕಷ್ಟು ಹೋಲದಿದ್ದರೆ, ರೋಗಿಯ ಸೀರಮ್ ಯಾವ ಸಾಲಿನಲ್ಲೂ ಸರಿಯಾಗಿ ಗಂಟು ಕಟ್ಟುವುದಿಲ್ಲ. ಕಾಯಿಲೆಯೇ ಇಲ್ಲವೆಂದು ವರದಿ ಬರುತ್ತದೆ. ಸ್ಥಳೀಯ ತಳಿಗಳನ್ನು ಬೆಳೆಸಿ ತಟ್ಟೆಗೆ ಸೇರಿಸಬೇಕೆಂದು ಬಲ್ಲವರು ಪದೇಪದೇ ಹೇಳುವುದು ಇದಕ್ಕೇ. ಅದಕ್ಕೆ ಬೇಕಾದದ್ದು ದೊಡ್ಡ ಯಂತ್ರವಲ್ಲ. ಮಳೆಯಲ್ಲಿ ಬೋನು ಇಡುವ, ಹಿಡಿದ ಹೆಗ್ಗಣವನ್ನು ಅಂದೇ ಕೊಯ್ದು ದ್ರಾವಣಕ್ಕೆ ಹಾಕುವ, ಆಮೇಲೆ ತಿಂಗಳುಗಟ್ಟಲೆ ಕಾಯುವ ತಾಳ್ಮೆ.

ಮಳೆ ಕಮ್ಮಿಯಾಗಿ ಹಸ್ತ ಚಿತ್ತೆಯಲ್ಲಿ ಕಳೆ ಕೊಚ್ಚುವ ಕೆಲಸ ಶುರುವಾದರೆ ಗುಡ್ಡದ ಮೇಲಿನ ಜ್ವರ ಬೇರೆ. ಪೊದೆಯಲ್ಲಿರುವ ಸಣ್ಣ ನುಸಿಯ ಮರಿ ಕಚ್ಚಿ ಸ್ಕ್ರಬ್ ಟೈಫಸ್ ಬರುತ್ತದೆ. ಕಂಕುಳಲ್ಲೋ ಸೊಂಟದಪಟ್ಟಿಯ ಕೆಳಗೋ ಬೀಡಿ ತಾಗಿಸಿದಂಥ ಕಪ್ಪು ಹಕ್ಕಳೆ ಸಿಕ್ಕರೆ ಗುರುತು ಸುಲಭ. ಅದರ ಹಳೆಯ ಪರೀಕ್ಷೆಯೂ ಗಂಟು ನೋಡುವುದೇ: ವೈಲ್–ಫೆಲಿಕ್ಸ್, 1916ರದ್ದು. (ಈ ವೈಲ್ ಎಡ್ಮಂಡ್, ಮೇಲೆ ಹೇಳಿದ ಅಡಾಲ್ಫ್ ಅಲ್ಲ.) ಅದರಲ್ಲಿ ಬಳಸುವುದು ಟೈಫಸ್‌ಗೆ ಸಂಬಂಧವೇ ಇಲ್ಲದ ಪ್ರೋಟಿಯಸ್ ಎಂಬ ಬ್ಯಾಕ್ಟೀರಿಯಾವನ್ನು. ಎರಡರ ಪ್ರತಿಜನಕಗಳು ಆಕಸ್ಮಿಕವಾಗಿ ಹೋಲುತ್ತವೆ, ಅಷ್ಟೇ. 1920ರ ದಶಕದಲ್ಲಿ ಮಲಯಾದಲ್ಲಿ ಫ್ಲೆಚರ್ ಮತ್ತು ಲೆಸ್ಲರ್, ಪೇಟೆಯ ಅಂಗಡಿಗಳಲ್ಲಿ ಬರುವ ಟೈಫಸ್‌ನವರ ಸೀರಮ್ ಪ್ರೋಟಿಯಸ್‌ನ ಒಂದು ತಳಿಯನ್ನು ಗಂಟು ಕಟ್ಟಿದರೆ, ತೋಟ ಪೊದೆಗಳಲ್ಲಿ ದುಡಿಯುವವರದು ಇನ್ನೊಂದನ್ನು, ಕಿಂಗ್ಸ್‌ಬರಿಯ ಹೆಸರಿನ ‘ಕೆ’ ತಳಿಯನ್ನು, ಗಂಟು ಕಟ್ಟುತ್ತದೆಂದು ಕಂಡುಕೊಂಡರು. ಜ್ವರ ಒಂದಲ್ಲ, ಎರಡು ಎಂದು ಹಾಗೆ ಬೇರ್ಪಟ್ಟಿತು. ನಂಬಿಕೆಗೆ ಅಷ್ಟು ಅರ್ಹವಲ್ಲದ ಆ ಪರೀಕ್ಷೆ ಈಗ ಹಿಂದೆ ಸರಿದಿದೆ. ಆದರೆ ತೋಟದ ಜೀವನಕ್ಕೂ ಸೀರಮ್ಮಿಗೂ ಇರುವ ನಂಟಿಗೆ ಅದಕ್ಕಿಂತ ಒಳ್ಳೆಯ ಪ್ರಸಂಗ ನನಗೆ ಗೊತ್ತಿಲ್ಲ.

ಹೋಲಿಕೆ ಬೇರೆ, ಹುಟ್ಟು ಬೇರೆ ಎಂಬುದು ಲೆಪ್ಟೊಸ್ಪೈರಾದಲ್ಲೂ ಕಾಡುತ್ತದೆ. ಡಿಎನ್‌ಎ ಓದತೊಡಗಿದ ಮೇಲೆ, ಹಾರ್ಜೊ ಎಂದು ಒಂದೇ ಹೆಸರಿನಲ್ಲಿದ್ದ ತಳಿಗಳು ಎರಡು ಬೇರೆ ಪ್ರಭೇದಗಳಿಗೆ ಸೇರಿದವೆಂದು ಗೊತ್ತಾಯಿತು. ಮೈಮೇಲಿನ ಸಕ್ಕರೆ ಸರಪಣಿ ಒಂದೇ, ವಂಶ ಎರಡು. ಹಾಗಾದರೆ ಸೀರೋವಾರ್ ಹಳೆಯ ಕಾಲದ ಹಳೆಯ ಪದ್ಧತಿಯೇ? ಡಿಎನ್‌ಎ ಪಂಡಿತರು ಕೆಲವರು ಹಾಗೆನ್ನುತ್ತಾರೆ. ನಾನು ಒಪ್ಪುವುದಿಲ್ಲ. ಲಸಿಕೆಯ ರಕ್ಷಣೆ ವಂಶ ನೋಡಿ ಬರುವುದಿಲ್ಲ, ಸೀರೋವಾರ್ ನೋಡಿ ಬರುತ್ತದೆ. ನಾಯಿಗೆ ಹಾಕಿಸುವ ಮಾಮೂಲಿ ಲಸಿಕೆಯ ಶೀಶೆ ತಿರುಗಿಸಿ ಓದಿ: ಕ್ಯಾನಿಕೋಲಾ, ಇಕ್ಟೆರೋಹೆಮರೇಜಿಯೆ. ಬೇರೆ ಗುಂಪಿನದು ಗದ್ದೆಯಲ್ಲಿದ್ದರೆ ಆ ಚುಚ್ಚುಮದ್ದು ನಾಯಿಗೆ ಹೆಚ್ಚು ಕಾವಲಾಗದು.

ಇನ್ನೊಂದು ಸಂಗತಿ, ಇದು ನನ್ನ ಊಹೆ. ಲೆಪ್ಟೊಸ್ಪೈರಾಕ್ಕೆ ಒಣಗಿದ ನೆಲ ಆಗುವುದಿಲ್ಲ, ಹುಳಿ ನೆಲವೂ ಆಗುವುದಿಲ್ಲ. ನಮ್ಮ ಕಾಫಿ ಇಳಿಜಾರಿನ ಮಣ್ಣು ಹುಳಿ; ಅದಕ್ಕೇ ಸುಣ್ಣ ಹಾಕುತ್ತೇವೆ. ಅದೇ ಮಣ್ಣು ಕಣಿವೆಗೆ ಇಳಿದು ನೀರಿನಡಿ ನಿಂತಾಗ ಹುಳಿ ಕಳೆದು ಸಮಸ್ಥಿತಿಗೆ ಬರುತ್ತದೆ. ಇದು ಗದ್ದೆಯ ಮಣ್ಣಿನ ಗುಣ, ಮಣ್ಣುಶಾಸ್ತ್ರದವರಿಗೆ ಚೆನ್ನಾಗಿ ಗೊತ್ತು. ಹಾಗಾಗಿ ತೋಟದ ಧರೆಯಲ್ಲಿ ಬಿದ್ದ ಉಚ್ಚೆಯಲ್ಲಿ ಬೇಗ ಸಾಯುವ ಕೊಕ್ಕೆಗಳು ಗದ್ದೆಯಲ್ಲಿ ವಾರಗಟ್ಟಲೆ ಬದುಕುತ್ತವೆಯೇ? ಈಗ ಗದ್ದೆಗಳು ಒಂದೊಂದಾಗಿ ಅಡಿಕೆ ತೋಟವಾಗುತ್ತಿವೆ. ಅಲ್ಲಿ ನೀರು ಬಸಿಗಾಲುವೆಯಲ್ಲಿ ಮಾತ್ರ ನಿಲ್ಲುತ್ತದೆ, ಹೂಳು ತೆಗೆಯಲು ಅದಕ್ಕೆ ಇಳಿಯುವವರು ಗಂಡಸರು. ಜ್ವರ ನಾಟಿಯ ಹೆಂಗಸರಿಂದ ಕಾಲುವೆಯ ಗಂಡಸರಿಗೆ ಸರಿಯುತ್ತದೆಯೋ ಏನೋ. ಹೆಗ್ಗಣವಂತೂ ಎರಡೂ ಕಡೆ ಇದೆ.

ಜ್ವರ ಬಂದವರನ್ನು ಕಂಡಾಗ ಈಗ ನಾನು ಹಿಂದಿನ ವಾರದ ಸುದ್ದಿಯಷ್ಟೇ ಕೇಳುವುದಿಲ್ಲ. ಸೋಂಕು ತಗಲಿ ಜ್ವರ ಏಳಲು ಸಾಮಾನ್ಯವಾಗಿ ಐದರಿಂದ ಹದಿನಾಲ್ಕು ದಿನ ಹಿಡಿಯುವುದರಿಂದ, ಆ ವಾರಕ್ಕೂ ಆಚೆ ಎಲ್ಲಿ ಕೆಲಸ ಮಾಡಿದಿರಿ, ಕಾಲು ಹುಣ್ಣಾಗಿತ್ತೆ, ಕೊಟ್ಟಿಗೆ ಯಾರು ತೊಳೆದರು ಎಂದು ಕೇಳಿ ಮಳೆಯ ಹೆಸರಿನ ಪಕ್ಕ ಬರೆದಿಡುತ್ತೇನೆ. ತೊಂದರೆಯಿರುವುದು ಎರಡನೇ ರಕ್ತದ್ದು. ಅಸ್ಸಾಮಿನಿಂದ ಬಂದ ಹುಡುಗನೊಬ್ಬನಿಗೆ ಮಘೆಯಲ್ಲಿ ಜ್ವರ ಬಂತು. ಎರಡನೇ ರಕ್ತದ ಹೊತ್ತಿಗೆ ತೋಟದ ಕೂಲಿ ಲೈನಿನ ಮನೆ ಖಾಲಿ, ಅವನು ಬೇರೆ ತೋಟಕ್ಕೋ ಊರಿಗೋ ಹೋಗಿಯಾಗಿತ್ತು. ಮೇಸ್ತ್ರಿಯನ್ನು ಕೇಳಿದರೆ, “ಜ್ವರ ಹೋದ್ಮೇಲೆ ರಕ್ತ ಯಾಕೆ ಸಾರ್?” ಎನ್ನುತ್ತಾನೆ. ಈ ಮಳೆಗಾಲಕ್ಕೆ ದನಗಳಿಂದ ಶುರುಮಾಡೋಣ ಎಂದು ಇಲ್ಲಿಯ ಪಶುವೈದ್ಯರೂ ನಾನೂ ಮಾತಾಡಿಕೊಂಡಿದ್ದೇವೆ. ಹದಿನೈದು ದಿನ ಬಿಟ್ಟು ಹೋದರೂ ದನ ಅದೇ ಗೂಟದಲ್ಲಿರುತ್ತದೆ.